ಟ್ಯೂಷನ್ ಇರ್ಲಿ, ಹುಡುಗಿ ನೀರಿನ ಬಾಟ್ಲಿ ನೋಡೀರೇನು?

ಸಾಲಿ ಸುರು ಆಗಿ ಇನ್ನೂ ಹದಿನೈದು ದಿನ ಆಗಿಲ್ಲ. ಸಂಜಿಮುಂದ ಕಟ್ಟಿ ಮ್ಯಾಲೆ ಮೆಂತೆ ತಪ್ಪಲಾ ಸೋಸ್ಕೋತ ಕೂತ್ರ ಒಂದ ಮಾತು: "ನಿಮ್ಮಕಿ ಎಂಟನೇತ್ತೆಗೆ ಬಂದ್ಲಲ್ಲ ವೈನಿ, ಟ್ಯೂಷನ್ ಎಲ್ಲೆ ಹಚ್ಚೀರಿ?" ಇನ್ನೂ ಹಚ್ಚಿಲ್ಲ ಅಂದ್ರ, ಕೂಸಿಗೆ ಪೋಲಿಯೋ ಹನಿ ಹಾಕ್ಸಿಲ್ಲ ಅಂದೋರ ಮುಖಾ ನೋಡಿದಂಗ ನೋಡ್ತಾರ. ಈ ಮಾತಿನ ಮ್ಯಾಲೆ ನಾ ಇವತ್ತು ಜಗಳಾ ತಗದೀನಿ. ನಿಮ್ಮ ಜೋಡಿ ಅಷ್ಟ ಅಲ್ಲ, ನನ್ನ ಜೋಡಿನೂ. ಯಾಕಂದ್ರ ಹೋದ ವರ್ಷ ಹಿಂಗ ಕೇಳೋರೊಳಗ ನಾನ ಮುಂದಿದ್ದೆ.

ನಮ್ಮ ಅಕ್ಕನ ಮಗಳು ಹೋದ ಜೂನ್‌ದಾಗ ನಮ್ಮ ಮನಿಗೆ ಬಂದ್ಲು. ಅವರ ಊರಾಗ ಸಾಲಿ ಏಳನೇತ್ತೆ ತನಕ ಅಷ್ಟ. ಕ್ಲಾಸಿನ್ಯಾಗ ಹದಿನಾಲ್ಕು ಮಕ್ಕಳು. ಅಲ್ಲಿ ಅಕ್ಕೋರಿಗೆ ಅಕಿ ಅವ್ವನ ಹೆಸರೂ ಗೊತ್ತು, ಮನ್ಯಾಗ ಎಮ್ಮಿ ಈದದ್ದೂ ಗೊತ್ತು. ಇಲ್ಲೆ ಧಾರವಾಡದಾಗ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಹಾಕಿದ್ವಿ. ಒಂದ ಖೋಲ್ಯಾಗ ಅರವತ್ತು ಮಂದಿ. ಗಂಟಿ ಹೊಡೀತು ಅಂದ್ರ ಒಬ್ಬ ಮಾಸ್ತರು ಹೋಗಿ ಇನ್ನೊಬ್ಬರು ಬರ್ತಾರ, ಅಕಿ ಹೆಸರು ಯಾರಿಗೂ ಗೊತ್ತಿಲ್ಲ. ಸಾಲಿಗೆ ಹೋದ ಮೂರನೇ ದಿನಕ್ಕ ನಾ ಅಕಿನ್ನ ಟ್ಯೂಷನ್ನಿಗೆ ಹಚ್ಚಿದೆ, ಮೂರು ತಿಂಗಳ ಫೀ ಮೊದಲ ಕೊಟ್ಟು. ಅಕ್ಕ ನನ್ನ ನಂಬಿ ಬಿಟ್ಟಾಳ, ಹುಡುಗಿ ಹಿಂದ ಬಿದ್ರ ನನಗ ಮಾತು ಬರ್ತೈತಿ ಅಂತ. ಖರೇ ಹೇಳಬೇಕಂದ್ರ ಅದು ಹುಡುಗಿ ಕಾಳಜಿಗಿಂತ ನನ್ನ ಮರ್ಯಾದಿ ಕಾಳಜಿನ.

ದಿನಾ ಮುಂಜಾನೆ ಬಾಟ್ಲಿ ತುಂಬಿ ಕೊಡ್ತಿದ್ದೆ. ಸಂಜಿಗೆ ಅದು ತುಂಬಿದ್ದು ತುಂಬಿದಂಗ ವಾಪಸ್ ಬರ್ತಿತ್ತು. ನಾ ಆ ನೀರು ಮಲ್ಲಿಗಿ ಬಳ್ಳಿಗೆ ಸುರವಿ, ಬಾಟ್ಲಿ ತೊಳದು ಬೋರಲ ಹಾಕ್ತಿದ್ದೆ. ಒಂದು ತಿಂಗಳಾ, ದಿನಾ. ಈ ಹುಡುಗಿ ಮುಂಜಾನಿಂದ ಸಂಜಿತನಕ ಒಂದು ಗುಟುಕು ನೀರು ಕುಡದಿಲ್ಲಲ್ಲಾ ಅಂತ ಒಂದ ದಿನಾನೂ ನನ್ನ ತಲಿಗೆ ಹೊಳೀಲಿಲ್ಲ. "ಇವತ್ತು ಟ್ಯೂಷನ್ನಿನ್ಯಾಗ ಏನ ಹೇಳಿದ್ರು?" ಅಂತ ಕೇಳೂದು ಮಾತ್ರ ಒಂದ ದಿನಾನೂ ಮರೀಲಿಲ್ಲ.

ಜುಲೈದಾಗ ಪ್ರಾರ್ಥನಾಕ್ಕ ನಿಂತಾಗ ಕಣ್ಣಿಗೆ ಕತ್ತಲಿ ಬಂದು ಬಿದ್ಲು. ಜ್ವರ, ಉರಿಮೂತ್ರ. ಡಾಕ್ಟರಮ್ಮ ನೀರು ಕುಡೀದ, ಒಂದಕ್ಕ ಹೋಗದ ತಡಕೊಂಡು ಸೋಂಕು ಆಗೇತಿ ಅಂದ್ರು. ಯಾಕ ಹೋಗಲಿಲ್ಲವಾ ಅಂತ ನಾ ಒದರಿದೆ. ಆಗ ಬಾಯಿ ಬಿಟ್ಲು. ಹುಡುಗ್ಯಾರ ಸಂಡಾಸಕ್ಕ ಒಳಗ ಚಿಲಕ ಇಲ್ಲ, ಒಬ್ಬಾಕಿ ಹೊರಗ ನಿಂತು ಬಾಗಲಾ ಹಿಡೀಬೇಕು. "ನಂಗ ಬಾಗಲಾ ಹಿಡ್ಯಾಕ ಯಾರೂ ಗೆಳತ್ಯಾರಿಲ್ಲ ಚಿಗವ್ವಾ."

ಈಗ ಹೇಳ್ರಿ, ಇದಕ್ಕ ಯಾವ ಟ್ಯೂಷನ್ನು?

ನಮ್ಮ ಕಡೆ ಎಲ್ಲಾರೂ ಅನ್ನೂದೇನು? ಮುಂದ ಹತ್ತನೇತ್ತೆ ಐತಿ, ಈಗಿಂದ ಪಾಯಾ ಹಾಕಬೇಕು. ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಪಾಯಾ ಹಾಕೂದಕ್ಕ ಸಾಲ್ಯಾಗನ ಒಂದು ವ್ಯವಸ್ಥಾ ಐತಿ, ಅದನ್ನ ಕೆಡಸೋರು ನಾವ. ನಮ್ಮ ರಾಜ್ಯದ ಸಾಲಿಗೊಳಾಗ ವರ್ಷದ ಸುರುವಿಗೆ ‘ಸೇತುಬಂಧ’ ಅಂತ ನಡಸ್ತಾರ. ಮೊದಲ ಹಿಂದಿನ ವರ್ಷದ್ದ ಮ್ಯಾಲೆ ಒಂದು ಸಣ್ಣ ಪರೀಕ್ಷೆ ಮಾಡಿ, ಹುಡುಗ್ರಿಗೆ ಯಾವುದು ಬರ್ತೈತಿ, ಯಾವುದು ಬರೂದಿಲ್ಲ ನೋಡ್ತಾರ. ಬರದೇ ಇದ್ದದ್ದನ್ನ ಕಲಿಸಿ, ಮತ್ತೊಮ್ಮೆ ಪರೀಕ್ಷೆ ಮಾಡ್ತಾರ. ಪಾಸು ನಪಾಸಿಗೂ ಇದಕ್ಕೂ ಸಂಬಂಧ ಇಲ್ಲ. ಜಂಪರ ಹೊಲಿಯೋಕಿಂತ ಮೊದಲ ಟೇಲರ ಟೇಪು ಹಿಡದು ಅಳತಿ ತಗೋತಾನಲ್ಲ, ಅಷ್ಟ ಅದು.

ನಾವೇನು ಮಾಡ್ತೀವಿ? ಆ ಮೊದಲನೇ ಪರೀಕ್ಷೆದಾಗ ನಮ್ಮಕಿಗೆ ಗಣಿತದಾಗ ಇಪ್ಪತ್ತಕ್ಕ ಏಳು ಬಂತು. ನಾ ಅವತ್ತು ರಾತ್ರಿ ಊಟದ ತಾಟಿನ ಮುಂದ ಬೈದೆ. ಫೋನಿನ್ಯಾಗ ನಮ್ಮ ಅತ್ಯಾ ಬೈದ್ರು, ಅಕ್ಕ ಬೈದ್ಲು. ಅಳತಿ ತಗೊಂಡ ಟೇಪಿನ ಮ್ಯಾಲೆ ನಾವು ಹುಡುಗಿನ್ನ ನಪಾಸು ಮಾಡಿದ್ವಿ. ಮತ್ತ ಟ್ಯೂಷನ್ನಿನವ್ರು ಆಗಲೇ ಎಂಟನೇತ್ತೆದ ಎರಡನೇ ಪಾಠಕ್ಕ ಹೋಗಿದ್ರು. ಸಾಲ್ಯಾಗ ಹಿಂದಿಂದು, ಟ್ಯೂಷನ್ನಿನ್ಯಾಗ ಮುಂದಿಂದು. ನಡುವ ಹುಡುಗಿ.

ಆ ಏಳು ಮಾರ್ಕ್ಸಿಂದೂ ಒಂದು ಕಥಿ ಐತಿ. ಕನ್ನಡದಾಗ ‘ಅಪವರ್ತನ’ ಅಂತ ಕಲ್ತಾಕಿಗೆ ಪರೀಕ್ಷೆ ಹಾಳ್ಯಾಗ ‘ಫ್ಯಾಕ್ಟರ್’ ಅಂತ ಕಂಡ್ರ ಏನು ತಿಳೀಬೇಕು? ಅಕಿ ಫ್ಯಾಕ್ಟರಿ ಅಂದ್ಕೊಂಡಿದ್ಲಂತ. (ನಗಬ್ಯಾಡ್ರಿ, ನಾನೂ ಮೊದಲ ನಕ್ಕು ಆಮ್ಯಾಲೆ ಅತ್ತೆ.) ದ್ಯುತಿಸಂಶ್ಲೇಷಣೆ ಅಂದ್ರ ಪಟಪಟ ಹೇಳ್ತಾಳ, ‘ಫೋಟೋಸಿಂಥಸಿಸ್’ ಅಂದ್ರ ಸುಮ್ಮಕ ನಿಂದಿರ್ತಾಳ. ಅಕಿಗೆ ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಆಮ್ಯಾಲೆ ನಾವು ಒಂದು ನೋಟಬುಕ್ಕಿನ್ಯಾಗ ಗೆರಿ ಹೊಡದು, ಒಂದು ಬಾಜು ಕನ್ನಡ, ಒಂದು ಬಾಜು ಇಂಗ್ಲಿಷು ಬರಕೋತ ಹೋದ್ವಿ. ನಾ ರೊಟ್ಟಿ ಬಡೀವಾಗ ಅಕಿ ಓದಾಕಿ, ತಪ್ಪಿದ್ರ ಇಬ್ರೂ ಕೂಡಿ ಡಿಕ್ಷನರಿ ತಗಿಯೂದು. ದಸರಾ ಹೊತ್ತಿಗೆ ನಲವತ್ತು ಪುಟ ತುಂಬಿದ್ವು.

ಇನ್ನೊಂದು ಮಾತು, ನಮ್ಮೊಳಗಿಂದು. ಎಂಟನೇತ್ತೆ ಅಂದ್ರ ಹದಿಮೂರರ ವಯಸ್ಸು. ಕೆಲವರಿಗೆ ಮುಟ್ಟು ಸುರು ಆಗಿರ್ತೈತಿ, ಕೆಲವರಿಗೆ ಅದ ವರ್ಷ ಆಕ್ಕೈತಿ. "ದೊಡ್ಡಾಕಿ ಆದಿ, ಕುಣೀಬ್ಯಾಡ, ಜೋರ ನಗಬ್ಯಾಡ" ಅಂತ ಹತ್ತು ಮಾತು ಹೇಳ್ತೀವಿ; ದಪ್ತರದಾಗ ಒಂದು ಪ್ಯಾಡು, ಒಂದು ಒಳಚಡ್ಡಿ, ಒಂದು ಹಾಳಿ ಸುತ್ತಿ ಇಡೂದಿಲ್ಲ. ಹೊಸಾ ಸಾಲ್ಯಾಗ ಯಾವ ಬಾಯಾರ ಕಡೆ ಹೋಗಿ ಹೇಳಬೇಕು ಅಂತನೂ ಹೇಳಿ ಕಳಸೂದಿಲ್ಲ. ಗಂಡು ಹುಡುಗ್ರದು ಬ್ಯಾರೆ ಕಥಿ. ಅವು ದೊಡ್ಡ ಹುಡುಗ್ರಿಗೆ ಅಂಜಿ ಹೊಟ್ಟಿನೋವು ಅಂತಾವ, ನಾವು ಓಮಿನ ಕಷಾಯ ಕುಡಸ್ತೀವಿ.

ಕಾಯ್ದೆ ಏನು ಹೇಳ್ತೈತಿ ಗೊತ್ತೇನ್ರಿ? 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇತ್ತೆ ತನಕ ಅನ್ವಯ ಆಗ್ತೈತಿ. ಗಂಡು ಹುಡುಗ್ರಿಗೆ ಬ್ಯಾರೆ, ಹೆಣ್ಣು ಹುಡುಗ್ಯಾರಿಗೆ ಬ್ಯಾರೆ ಶೌಚಾಲಯ, ಕುಡ್ಯಾಕ ಸುರಕ್ಷಿತ ನೀರು ಇರಬೇಕು ಅಂತ ಅದರ ಅನುಸೂಚಿಯೊಳಗ ಬರದಾರ. ಅದ ಕಾಯ್ದೆದ 28ನೇ ಕಲಮಿನ್ಯಾಗ, ಸಾಲಿ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದು ಅಂತನೂ ಐತಿ. ಇದ್ದದ್ದು ಕೇಳೂದು ಬಿಟ್ಟು, ಬ್ಯಾಡ ಅಂದದ್ದಕ್ಕ ಸಾಲು ಹಚ್ಚಿ ರೊಕ್ಕಾ ಕೊಡ್ತೀವಿ ನಾವು. 2019ರಾಗ ಕೇರಳದ ಸಾಲಿಗೊಳಾಗ ಮಕ್ಕಳು ನೀರು ಕುಡೀಲಿ ಅಂತ ಗಂಟಿ ಹೊಡ್ಯಾಕ ಸುರು ಮಾಡಿದ್ರು, ನಮ್ಮ ಕಡೇನೂ ಅದರ ಮಾತು ಬಂದಿತ್ತು. ಚಲೋನ. ಆದ್ರ ಚಿಲಕ ಇಲ್ಲದ ಸಂಡಾಸಿದ್ದಲ್ಲಿ ಎಷ್ಟು ಗಂಟಿ ಹೊಡದ್ರೂ ಹುಡುಗ್ಯಾರು ತುಟಿ ತೋಯಿಸಿಕೊಂಡು ಬಾಟ್ಲಿ ಮುಚ್ಚತಾರ.

ಆಗಸ್ಟಿನ್ಯಾಗ ನಾವು ನಾಲ್ಕು ಮಂದಿ ಹೆಂಗಸ್ರು ಸಾಲಿಗೆ ಹೋದ್ವಿ. ಹೆಡ್‌ಮಾಸ್ತರು ಅನುದಾನ ಬಂದಿಲ್ಲ ಅಂದ್ರು. ಬರ್ಲಿ, ಅಲ್ಲಿತನಕ ಹುಡುಗ್ಯಾರು ತಡಕೊಂಡು ಕೂಡ್ಲೇನ್ರೀ ಸರ, ಅಂದ್ಲು ನಮ್ಮ ಹಿಂದಿನ ಮನಿ ಕಾಕು. ಅವರು ಸುಮ್ಮನಾದ್ರು. ಎರಡು ಚಿಲಕ, ಎರಡು ಬಕೀಟು, ಎರಡು ಮಗ್ಗು, ಬಡಿಗ್ಯಾನ ಕೂಲಿ, ಎಲ್ಲಾ ಕೂಡಿ ನಾ ಕೊಟ್ಟ ಒಂದು ತಿಂಗಳ ಟ್ಯೂಷನ್ ಫೀಗಿಂತ ಕಡಿಮಿ ಆತು. ಬಾಯಾರೊಬ್ಬರು ಮುಂದ ಬಂದು, ಹೊಸದಾಗಿ ಬಂದ ಒಬ್ಬೊಬ್ಬ ಹುಡುಗಿಗೆ ಹತ್ತನೇತ್ತೆದ ಒಬ್ಬೊಬ್ಬ ಅಕ್ಕನ್ನ ಗೊತ್ತು ಮಾಡಿ ಕೊಟ್ರು. ಊಟದ ಹೊತ್ತಿನ್ಯಾಗ ಜೋಡಿ ಕೂಡಾಕ, ಯಾವ ಖೋಲಿ ಎಲ್ಲೈತಿ ಅಂತ ತೋರ್ಸಾಕ. ನಮ್ಮಕಿಗೆ ಸಿಕ್ಕ ಅಕ್ಕ ಖೋಖೋ ಆಡಾಕಿ. ಆ ವಾರದಿಂದ ಬಾಟ್ಲಿ ಖಾಲಿ ಬರ್ತೈತಿ.

ಹೌದು, ಟ್ಯೂಷನ್ ಬಿಡಸಿದ್ದಕ್ಕ ಎರಡು ತಿಂಗಳ ರೊಕ್ಕಾ ಹೋತು, ಅವರು ವಾಪಸ್ ಕೊಡ್ಲಿಲ್ಲ. ಹೋಗ್ಲಿ. ಮೊದಲನೇ ಎಫ್‌ಎದಾಗ ಗಣಿತ ಇನ್ನೂ ಕಡಿಮಿನ ಇತ್ತು, ಅದನ್ನೂ ಮುಚ್ಚಿಡೂದಿಲ್ಲ. ದಸರಾ ಸೂಟಿ ಆದ ಮ್ಯಾಲೆ ನಮ್ಮ ಓಣಿ ಬಿ.ಎಸ್ಸಿ. ಓದೋ ಹುಡುಗಿ ಕಡೆ ಗಣಿತ ಒಂದಕ್ಕ ಕಳಿಸಿದೆ, ಅದೂ ಅಕಿನ ಕೇಳಿದ ಮ್ಯಾಲೆ.

ಈ ವರ್ಷ ನಮ್ಮ ಓಣಿಯಿಂದ ಐದು ಮಂದಿ ಎಂಟನೇತ್ತೆಗೆ ಹೋಗ್ಯಾರ. ಅವರನ್ನ ಮಾರ್ಕ್ಸು ಕೇಳಬ್ಯಾಡ್ರಿ, ಕಡೀಕ ಎಫ್‌ಎ ಆಗೋ ತನಕಾದ್ರೂ. ಮಧ್ಯಾಹ್ನ ಯಾರ ಜೋಡಿ ಕೂತು ಉಂಡಿ ಅಂತ ಕೇಳ್ರಿ. ಒಂದು ಚಿಲಕ ಮತ್ತ ಕಿತ್ತೇತಿ ಅಂತ ನಮ್ಮಕಿ ಮೊನ್ನೆ ಹೇಳಿದ್ಲು, ನೀರಿನ ಟಾಕೀನೂ ತೊಳಸಬೇಕಂತ. ಸೋಮವಾರ ಮುಂಜಾನೆ ಹತ್ತೂವರಿಗೆ ಹೊಂಟೀವಿ. ಬರೋರು ನಮ್ಮ ಕಟ್ಟಿಗೆ ಬರ್ರಿ, ಚಾ ಕುಡದು ಹೋಗೂಣು.