ಲೋಟ ತೊಳೆಯುವ ಸರದಿ

ಸೆಪ್ಟೆಂಬರ್ ಮುಗಿಯುತ್ತಾ ಬಂದ ಹಾಗೆ, ಗಾಳಿ ಈ ಕಡೆ ತಿರುಗಿದ ದಿನ, ನಮ್ಮ ಹಿತ್ತಿಲಿಗೆ ಸಕ್ಕರೆ ಕಾರ್ಖಾನೆಯ ವಾಸನೆ ಬರುತ್ತದೆ. ನಾನು ಮಂಡ್ಯದವಳು, ಈ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಪೈಕಿ ಅಲ್ಲ. ಈಗ ಇರುವುದು ಇಂಗ್ಲೆಂಡಿನ ಪೂರ್ವಕ್ಕೆ, ಸಫೋಕ್ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ. ಬಂದು ಇಪ್ಪತ್ತೆರಡು ವರ್ಷವಾಯಿತು. ಮಂಡ್ಯದ ಕಾರ್ಖಾನೆ 1933ರದು, ಇಲ್ಲಿನ ಪೇಟೆ ಬೆರಿ ಸೇಂಟ್ ಎಡ್ಮಂಡ್ಸ್‌ನದು 1925ರದು. ಇಲ್ಲಿ ಕಬ್ಬಿಲ್ಲ, ಮೂಲಂಗಿಗೆ ಅಣ್ಣನಂತಿರುವ ದಪ್ಪ ಬಿಳಿ ಬೀಟ್‌ಗೆಡ್ಡೆ. ವಾಸನೆಯೂ ಬೆಲ್ಲದ್ದಲ್ಲ, ಹಸಿ ಮಣ್ಣಿನ ಮೇಲೆ ಕಡಲೆಕಾಯಿ ಸುಟ್ಟ ಹಾಗೆ. ಗೆಡ್ಡೆ ತುಂಬಿದ ಟ್ರೇಲರ್‌ಗಳು ರಸ್ತೆ ತುಂಬಾ ಕೆಸರು ಚೆಲ್ಲುತ್ತಾ ಓಡಾಡತೊಡಗಿದರೆ ಚರ್ಚಿನ ಸುಗ್ಗಿ ಹಬ್ಬ ಬಂತೆಂದು ಲೆಕ್ಕ. ಚರ್ಚಿನ ಬಾಗಿಲ ಪಕ್ಕ ಸರದಿ ಪಟ್ಟಿ ತೂಗುಹಾಕುತ್ತಾರೆ: ಹೂವು ಯಾರು, ಗುಡಿಸುವವರು ಯಾರು, ಟೀ ಯಾರು, ಲೋಟ ತೊಳೆಯುವವರು ಯಾರು. ಜೊತೆಗೆ ದಾರ ಕಟ್ಟಿದ ಒಂದು ಪೆನ್ನು.

ನನ್ನ ಹೆಸರು ಲೋಟದ ಸಾಲಿನಲ್ಲಿದೆ. ನಾನು ಕ್ರೈಸ್ತಳಲ್ಲ.

ಇದನ್ನು ಊರಿಗೆ ಫೋನ್ ಮಾಡಿದಾಗ ಹೇಳಿದೆ. ಸೋದರತ್ತೆಯ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾ, ಅವ್ರು ನಿನ್ನ ಸೇರಿಸ್ಕೊಂಡ್ಬುಟ್ರಾ?” ಎಂದ. “ಸೇರಿಸ್ಕೊಂಡವ್ರೆ ಕಣಪ್ಪ, ಪಾತ್ರೆ ತೊಳೆಯಕ್ಕೆ” ಎಂದೆ. ಅವನಿಗೆ ನಗು ಬರಲಿಲ್ಲ. ಊರಿನ ಈಗಿನ ಗಾಳಿಯಲ್ಲಿ ಆ ಪ್ರಶ್ನೆ ಸಹಜ, ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟು ವರ್ಷಗಳಲ್ಲಿ ನೀನು ಏನನ್ನು ನಂಬುತ್ತೀ ಎಂದು ಇಲ್ಲಿ ಯಾರೂ ನನ್ನನ್ನು ಕೇಳಿಲ್ಲ. ಮೂರನೇ ಭಾನುವಾರ ಬಿಡುವಿದೆಯೇ ಎಂದು ಮಾತ್ರ ನೂರು ಸಲ ಕೇಳಿದ್ದಾರೆ.

ಇದಕ್ಕೆ ಇಲ್ಲಿಯವರ ಒಳ್ಳೆಯತನ ಒಂದೇ ಕಾರಣ ಎನ್ನಲಾರೆ. ಆಂಗ್ಲಿಕನ್ ಪ್ಯಾರಿಷ್ ಅಂದರೆ ನಕ್ಷೆಯ ಮೇಲೆ ಗೆರೆ ಎಳೆದ ಒಂದು ಜಾಗ. ಗೆರೆಯೊಳಗೆ ಮನೆ ಇರುವವರೆಲ್ಲ ಪ್ಯಾರಿಷ್‌ನವರೇ. ದೇವರನ್ನೇ ಒಪ್ಪದವರಿಗೂ ಆ ಚರ್ಚಿನಲ್ಲಿ ಮದುವೆಯಾಗುವ ಹಕ್ಕಿದೆ. ಚರ್ಚಿನ ಅಂಗಳದಲ್ಲಿ ಜಾಗ ಉಳಿದಿದ್ದರೆ ಅಲ್ಲೇ ಮಣ್ಣಾಗುವ ಹಕ್ಕೂ ಇದೆ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ವರ್ಷಕ್ಕೊಮ್ಮೆ ಚರ್ಚಿನ ವಾರ್ಡನ್‌ಗಳನ್ನು ಆರಿಸುವ ಸಭೆಗೆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಹೋಗಿ ಕೈ ಎತ್ತಬಹುದು. ಮನೆಯಲ್ಲಿ ಮಂಜುನಾಥನಿಗೆ ದೀಪ ಹಚ್ಚಿ ಹೊರಟು, ಚರ್ಚಿನ ವಾರ್ಡನ್‌ಗೆ ಓಟು ಹಾಕಿ ಬಂದಿದ್ದೇನೆ. ಚರ್ಚಿನದೇ ಬೇರೆ ಪಟ್ಟಿ ಒಂದಿದೆ, ಅದಕ್ಕೆ ದೀಕ್ಷಾಸ್ನಾನ ಆಗಿರಬೇಕು. ಅದರಲ್ಲಿ ನಾನಿಲ್ಲ. ಲೋಟ ತೊಳೆಯಲು ಅದರ ಅಗತ್ಯ ಬಿದ್ದಿಲ್ಲ.

ಮೈಸೂರಿನಲ್ಲಿ ನರ್ಸಿಂಗ್ ಓದುವಾಗ ನನ್ನ ರೂಮಿನಲ್ಲಿದ್ದ ಗೆಳತಿ ಸಿಎಸ್‌ಐ ಸಭೆಯವಳು. ಆಂಗ್ಲಿಕನ್ನರು, ಮೆಥಡಿಸ್ಟರು, ಇನ್ನೂ ಕೆಲವು ಪಂಗಡದವರು ಒಂದಾಗಿ 1947ರ ಸೆಪ್ಟೆಂಬರ್ 27ರಂದು ಕಟ್ಟಿಕೊಂಡ ಸಭೆ ಅದು. ಆರಾಧನೆ ಮುಗಿದ ಮೇಲಿನ ಹರಟೆ, ಊಟ, ಕಷ್ಟಸುಖ ವಿಚಾರಿಸುವುದು, ಇದಕ್ಕೆಲ್ಲ ಸೇರಿ ಅವಳು ‘ಅನ್ಯೋನ್ಯತೆ’ ಎನ್ನುತ್ತಿದ್ದಳು. ನನ್ನ ಮಟ್ಟಿಗೆ ಅದು ಗಂಡ ಹೆಂಡಿರಿಗೆ ಹೇಳುವ ಮಾತು, ಕೇಳಿದಾಗಲೆಲ್ಲ ನಗು ಬರುತ್ತಿತ್ತು. ಒಮ್ಮೆ ಅವರ ಸುಗ್ಗಿ ಹಬ್ಬಕ್ಕೂ ಕರೆದುಕೊಂಡು ಹೋಗಿದ್ದಳು. ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ ಎಲ್ಲವನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿ ಹರಾಜು ಕೂಗುತ್ತಿದ್ದರು. ಕೋಳಿ ತಂದವರೇ ಅದನ್ನು ಇಮ್ಮಡಿ ದುಡ್ಡಿಗೆ ಕೂಗಿ ಮನೆಗೆ ಒಯ್ದರು.

ಇಲ್ಲಿಗೆ ಬಂದ ಮೇಲೆ ನೋಡಿದ ಮೊದಲ ಸುಗ್ಗಿ ಹಬ್ಬದಲ್ಲಿ ಕೋಳಿ ಇರಲಿಲ್ಲ, ಹರಾಜು ಇತ್ತು. ಹಬ್ಬ ಅನಾದಿ ಕಾಲದ್ದಿರಬೇಕು ಎಂದುಕೊಂಡಿದ್ದೆ. ಈಗಿನ ರೂಪದ್ದು ಇನ್ನೂರು ವರ್ಷದ್ದೂ ಅಲ್ಲ. ಕಾರ್ನ್‌ವಾಲ್ ಕಡಲ ದಂಡೆಯ ಮಾರ್ವೆನ್‌ಸ್ಟೋ ಎಂಬ ಊರಿನ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ 1843ರಲ್ಲಿ ಊರವರನ್ನು ಕರೆದು, ಬೆಳೆ ಕೈಗೆ ಬಂದದ್ದಕ್ಕೆ ವಂದನೆಯ ಆರಾಧನೆ ನಡೆಸಿದ. ಅಲ್ಲಿಂದ ಅದು ದೇಶಕ್ಕೆಲ್ಲ ಹಬ್ಬಿತು. ಹಾಕರ್ ವಿಚಿತ್ರ ಆಸಾಮಿ. ಹಡಗು ಒಡೆದು ದಡಕ್ಕೆ ಬಿದ್ದ ನಾವಿಕರ ಹೆಣಗಳನ್ನು ತಾನೇ ಮುಂದೆ ನಿಂತು ಮಣ್ಣು ಮಾಡಿಸುತ್ತಿದ್ದ, ತೇಲಿಬಂದ ಮರದಲ್ಲಿ ಬಂಡೆಯಂಚಿಗೆ ಗುಡಿಸಲು ಕಟ್ಟಿಕೊಂಡು ಅಲ್ಲಿ ಕೂತು ಪದ್ಯ ಬರೆಯುತ್ತಿದ್ದ. ಅವನಿಗೂ ಮೊದಲು ನಮ್ಮ ಸಫೋಕ್ ಕಡೆ ಕೊನೆಯ ಗಾಡಿ ಕಣ ಸೇರಿದ ರಾತ್ರಿ ಹೊಲದೊಡೆಯ ಆಳುಗಳಿಗೆಲ್ಲ ಊಟ ಹಾಕಿಸಿ ಬಿಯರ್ ಸುರಿಯಬೇಕಿತ್ತು. ಅದಕ್ಕೆ ‘ಹಾರ್ಕಿ’ ಎನ್ನುತ್ತಿದ್ದರು. ಇಲ್ಲಿಯವನೇ ಆದ ರಾಬರ್ಟ್ ಬ್ಲೂಮ್‌ಫೀಲ್ಡ್ ಎಂಬ ಕವಿ ಆ ಊಟದ ಮೇಲೆ ಬರೆದ ಪದ್ಯ 1806ರಲ್ಲಿ ಅಚ್ಚಾಗಿದೆ. ಕುಡಿತದ ಗಲಾಟೆ ತಡೆಯಲಾರದ ಪಾದ್ರಿಗಳಿಗೆ ಹಾಕರ್‌ನ ದಾರಿ ಅನುಕೂಲವಾಯಿತು. ಬಿಯರ್ ಹೋಗಿ ಟೀ ಬಂತು.

ಹಬ್ಬದ ಹಿಂದಿನ ಶನಿವಾರ ಚರ್ಚು ನೋಡಬೇಕು. ಒಂದೊಂದು ಕಿಟಕಿಯ ಕಟ್ಟೆ ಒಂದೊಂದು ಮನೆಯವರದು. ಹೆಣೆದ ಈರುಳ್ಳಿ ಗೊಂಚಲು, ಮಣ್ಣು ಮೆತ್ತಿದ ಕ್ಯಾರೆಟ್, ಸೇಬು, ಗೋಧಿ ತೆನೆ. ನಡುಮಧ್ಯೆ ಮೇಜಿನ ಮೇಲೆ ತೆನೆಯ ಕಟ್ಟಿನಂತೆಯೇ ಮಾಡಿದ ಒಂದು ದೊಡ್ಡ ಬ್ರೆಡ್ಡು. ಹತ್ತಿರ ಹೋಗಿ ನೋಡಿದರೆ ಆ ಹಿಟ್ಟಿನ ತೆನೆಗಳ ಮೇಲೆ ಒಂದು ಹಿಟ್ಟಿನ ಇಲಿ ಹತ್ತುತ್ತಿರುತ್ತದೆ, ಬಾಲ ಸಮೇತ. ಕಣದಲ್ಲಿ ಇಲಿಗೂ ಪಾಲಿದೆಯಲ್ಲ! ಕೆಡದಿರಲೆಂದು ಉಪ್ಪು ಸುರಿದಿರುತ್ತಾರೆ, ಬಾಯಿಗಿಡುವ ಹಾಗಿಲ್ಲ. ಮೊದಲ ವರ್ಷ ನಾನು ನನ್ನ ಪಾಲಿಗೆ ಬಂದ ಕಟ್ಟೆಯ ಮೇಲೆ ಲಂಡನ್ನಿನಿಂದ ತರಿಸಿದ ಒಂದು ಪಾಕೆಟ್ ರಾಗಿ ಇಟ್ಟೆ. ಹಕ್ಕಿಗಳಿಗೆ ತಂದ ಕಾಳೆಂದುಕೊಂಡು ಯಾರೋ ಅದನ್ನು ಅಂಗಳದ ಹಕ್ಕಿ ತಟ್ಟೆಗೆ ಸುರಿದರು. ಸಫೋಕಿನ ಗುಬ್ಬಿಗಳು ಅವತ್ತು ಮಂಡ್ಯದ ಊಟ ಮಾಡಿದವು.

ಈಚಿನ ವರ್ಷಗಳಲ್ಲಿ ಕಟ್ಟೆಗಳ ಮೇಲೆ ತರಕಾರಿಗಿಂತ ಡಬ್ಬಿಗಳೇ ಹೆಚ್ಚು: ಬೇಯಿಸಿದ ಬೀನ್ಸ್, ಕಡಲೆ, ಟೊಮೇಟೊ. ಎಲ್ಲವೂ ಫುಡ್‌ಬ್ಯಾಂಕಿಗೆ ಹೋಗುತ್ತವೆ. ಈಗ ದೇಶವ್ಯಾಪಿಯಾಗಿರುವ ಟ್ರಸೆಲ್ ಸಂಸ್ಥೆಯ ಮೊದಲ ಫುಡ್‌ಬ್ಯಾಂಕ್ ಸಾಲ್ಸ್‌ಬರಿಯಲ್ಲಿ ಶುರುವಾದದ್ದು 2000ದಲ್ಲಿ. ಇಷ್ಟು ಸಿರಿವಂತ ದೇಶದಲ್ಲಿ ಸುಗ್ಗಿಯ ಕಾಣಿಕೆ ಹಸಿದವರ ಮನೆಗೆ ಹೋಗಬೇಕಾದ ಗತಿ ಬಂತಲ್ಲ ಎಂದು ಸಂಕಟವಾಗುತ್ತದೆ. ಆದರೆ ಡಬ್ಬಿಯಿಂದ ಹಬ್ಬದ ಸೊಗಸು ಹೋಯಿತು ಎಂದು ಗೊಣಗುವವರ ಜೊತೆ ನಾನಿಲ್ಲ. ಹೋದ ವರ್ಷ ಒಬ್ಬರು, ಹೊರುವ ಕಷ್ಟ ಯಾಕೆ, ಎಲ್ಲರೂ ಮೊಬೈಲಿನಲ್ಲಿ ದುಡ್ಡು ಕಳಿಸಿಬಿಡೋಣ ಎಂದರು. ಲೆಕ್ಕದಲ್ಲಿ ಸರಿ. ನಾನು ವಿರೋಧಿಸಿದೆ. ಹೊರುವುದು ತಪ್ಪಿದರೆ ಬರುವುದೂ ತಪ್ಪುತ್ತದೆ.

ಭಾನುವಾರ ಸಂಜೆ ಹಾಲ್‌ನಲ್ಲಿ ಊಟ, ಆಮೇಲೆ ಹರಾಜು. ಯಾರಿಗೂ ಬೇಡದ್ದು ಮ್ಯಾರೋ. ಪಟ್ಟೆ ಪಟ್ಟೆ ಸೋರೆಕಾಯಿಯಂತಿರುತ್ತದೆ, ಹಿತ್ತಿಲಿನಲ್ಲಿ ಬೆಳೆದು ಬೆಳೆದು ಮಗುವಿನ ಗಾತ್ರವಾದ ಮೇಲೆ ಅದನ್ನು ದೇವರಿಗೆ ಕೊಡುತ್ತಾರೆ. ಎರಡು ಪೌಂಡಿಗೆ ಕೂಗಿದೆ, ಎದುರಾಳಿಯೇ ಇರಲಿಲ್ಲ. ಮನೆಗೆ ತಂದು ಮಜ್ಜಿಗೆ ಹುಳಿ ಮಾಡಿದೆ. ಬೂದುಗುಂಬಳ ನಾಚಬೇಕು. ಮರುವರ್ಷದ ಊಟಕ್ಕೆ ಒಂದು ದೊಡ್ಡ ಪಾತ್ರೆ ಮಾಡಿಕೊಂಡು ಹೋದೆ. ಈಗ ಮ್ಯಾರೋ ಬೆಲೆ ಏಳು ಪೌಂಡಿಗೆ ಏರಿದೆ, ನಮ್ಮ ಗಂಟೆ ಬಾರಿಸುವವರಲ್ಲಿ ಒಬ್ಬರು ನನಗೆ ಪೈಪೋಟಿಗೆ ನಿಂತಿದ್ದಾರೆ.

ಅಕ್ಟೋಬರಿನಲ್ಲಿ ಎಲೆ ಬಾಚುವ ಶನಿವಾರ. ಚರ್ಚಿನ ಚಾವಣಿಯ ದೋಣಿಗಳಲ್ಲಿ ಎಲೆ ಕಟ್ಟಿಕೊಂಡರೆ ಚಳಿಗಾಲದ ಮಳೆನೀರು ಗೋಡೆಗೆ ಇಳಿಯುತ್ತದೆ, ಐನೂರು ವರ್ಷದ ಕಟ್ಟಡಕ್ಕೆ ಅಷ್ಟು ಸಾಕು. ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮರೆತ ಒಬ್ಬರಾದರೂ ಒಂದು ಗಂಟೆ ಮೊದಲೇ ಬಂದು, ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತಾರೆ.

ನವೆಂಬರ್ 2ರ ಆಸುಪಾಸಿನ ಸಂಜೆ ಸತ್ತವರನ್ನು ನೆನೆಯುವ ಆರಾಧನೆ. ಹೆಸರು ಓದುತ್ತಾರೆ, ಹೆಸರಿಗೊಂದು ಮೇಣದ ಬತ್ತಿ. ಅಪ್ಪ ಹೋದ ವರ್ಷ ನಾನು ಊರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಿತೃಪಕ್ಷದಲ್ಲಿ ತಮ್ಮನ ಮನೆಯಲ್ಲಿ ಎಡೆ ಇಟ್ಟರು, ನಾನು ಫೋನಿನಲ್ಲಿ ನೋಡಿದೆ. ಅದಾಗಿ ಕೆಲವು ವಾರಕ್ಕೆ, ಲೋಟ ಒರೆಸುತ್ತಿದ್ದಾಗ ಜೊತೆಯಾಕೆ, ನಿಮ್ಮ ತಂದೆಯ ಹೆಸರು ಬರೆಸಿದ್ದೀರಾ ಎಂದು ಕೇಳಿದರು. ಬರೆಸಬಹುದೆಂದೇ ನನಗೆ ಹೊಳೆದಿರಲಿಲ್ಲ. ಶನಿವಾರ ರಾತ್ರಿ ಪಾದ್ರಿಯಮ್ಮನ ಫೋನು. ಅಪ್ಪನ ಹೆಸರಿನಲ್ಲಿ ಎರಡು ಒತ್ತಕ್ಷರ, ಒಂದು ‘ಳ’. ಬಿಡಿಸಿ ಬಿಡಿಸಿ ಹೇಳಿಸಿಕೊಂಡರು. ‘ಳ’ ನಾಲಿಗೆಗೆ ಬರಲೇ ಇಲ್ಲ, ಆರನೇ ಸಲಕ್ಕೆ ಇಬ್ಬರೂ ನಕ್ಕೆವು. ಮಾರನೆಯ ದಿನ ನಲವತ್ತು ಇಂಗ್ಲಿಷ್ ಹೆಸರುಗಳ ನಡುವೆ ಆ ಹೆಸರಿನ ಹತ್ತಿರ ಬಂದಾಗ ಅವರು ಒಂದು ಗಳಿಗೆ ನಿಂತು, ಉಸಿರು ತೆಗೆದುಕೊಂಡು, ತಪ್ಪಿಲ್ಲದೆ ಓದಿದರು. ‘ಳ’ ಮಾತ್ರ ‘ಲ’ ಆಯಿತು. ನಮ್ಮಪ್ಪ ಬೇಜಾರು ಮಾಡಿಕೊಳ್ಳುವವರಲ್ಲ.

ಅದರ ಬೆನ್ನಿಗೇ ಯುದ್ಧದಲ್ಲಿ ಸತ್ತವರ ಭಾನುವಾರ, ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯೂ ಇತ್ತು ಎಂದು ಒಮ್ಮೆ ಹೇಳಿದೆ. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಇಲ್ಲಿಗೆ ಬರುವವರೆಗೆ ನನಗೂ ಗೊತ್ತಿರಲಿಲ್ಲ. ತಿಂಗಳ ಕೊನೆಗೆ ಕ್ರಿಸ್‌ಮಸ್ ಪುಡಿಂಗ್ ಕಲಕುವ ಭಾನುವಾರ. ಹಳೆಯ ಪ್ರಾರ್ಥನಾ ಪುಸ್ತಕದಲ್ಲಿ ಅಂದಿನ ಪ್ರಾರ್ಥನೆ ‘ಕಲಕು’ ಎಂಬ ಅರ್ಥದ ಮಾತಿನಿಂದ ಶುರುವಾಗುತ್ತದೆ, ಹೆಂಗಸರು ಅದನ್ನು ಕೇಳಿ ಮನೆಗೆ ಹೋಗಿ ಪಾತ್ರೆಗೆ ಸೌಟು ಹಾಕಿದರು. ಅಷ್ಟೇ ಕಥೆ.

ಈ ಚರ್ಚನ್ನು ಹೊಗಳಲು ಕೂತಿದ್ದಾಳೆ ಎಂದುಕೊಳ್ಳಬೇಡಿ. ಮಕ್ಕಳ ಮೇಲೆ ನಡೆದ ದೌರ್ಜನ್ಯದ ಪ್ರಕರಣವೊಂದನ್ನು ನಿಭಾಯಿಸಿದ ರೀತಿಗಾಗಿ 2024ರ ನವೆಂಬರಿನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಬೇಕಾಯಿತು. ಆ ವಾರ ನಮ್ಮ ಅಡುಗೆಮನೆಯಲ್ಲಿ ಯಾರೂ ಅದನ್ನು ಮುಚ್ಚಿಹಾಕಿ ಮಾತಾಡಲಿಲ್ಲ, ಬೈದದ್ದೇ ಬೈದದ್ದು. ಹೆಂಗಸರು ಪಾದ್ರಿಗಳಾಗಲು 1994ರವರೆಗೆ ಕಾಯಬೇಕಾಯಿತು. ಅವರಲ್ಲೊಬ್ಬರು ಆರ್ಚ್‌ಬಿಷಪ್ ಸ್ಥಾನಕ್ಕೆ ಆಯ್ಕೆಯಾಗಲು 2025ರ ಅಕ್ಟೋಬರ್ ಬರಬೇಕಾಯಿತು. ಆಕೆ ಸಾರಾ ಮುಲ್ಲಾಲಿ, ಮೊದಲು ನರ್ಸ್ ಆಗಿದ್ದವರು. ಲೋಟ ತೊಳೆಯುವ ನಮ್ಮ ಗುಂಪಿನಲ್ಲಿ ನಿವೃತ್ತ ನರ್ಸ್‌ಗಳು ಇಬ್ಬರಿದ್ದೇವೆ. ಅವತ್ತು ಬಿಸ್ಕತ್ತಿನ ಬದಲು ಕೇಕ್ ತಿಂದೆವು.

ನನ್ನ ತಕರಾರು ಬೇರೆ ಕಡೆಗಿದೆ. ನಾನು ಬಂದಾಗ ಸರದಿ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿದ್ದವು, ಈಗ ಆರು. ಆರರಲ್ಲಿ ನಾಲ್ವರಿಗೆ ಎಪ್ಪತ್ತೈದು ದಾಟಿದೆ. ಪಾದ್ರಿಯಮ್ಮನಿಗೆ ನಮ್ಮದೂ ಸೇರಿ ಐದು ಚರ್ಚು. ಇದೇ ಅವಧಿಯಲ್ಲಿ ಸುತ್ತಮುತ್ತ ಹತ್ತಾರು ಭಾರತೀಯ ಮನೆಗಳು ಬಂದಿವೆ, ಅದರಲ್ಲಿ ನಾಲ್ಕು ಕನ್ನಡದವು. ಮಕ್ಕಳನ್ನು ಚರ್ಚಿನ ಶಾಲೆಗೇ ಸೇರಿಸಿದ್ದಾರೆ. ಸುಗ್ಗಿ ಹಬ್ಬಕ್ಕೆ ಮಗುವಿನ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತಾರೆ, ಮಗುವಿನ ಹಾಡಿನ ವಿಡಿಯೊ ತೆಗೆಯುತ್ತಾರೆ, ಟೀ ಕುಡಿಯುತ್ತಾರೆ, ಹೋಗುತ್ತಾರೆ. ಎಂಬತ್ತೊಂದು ವರ್ಷದ ಮುದುಕಿ ಅವರ ಲೋಟ ಎತ್ತುತ್ತಾಳೆ. ರಾಜ್ಯೋತ್ಸವಕ್ಕೆ ಇದೇ ಜನ ಅರವತ್ತು ಮೈಲಿ ಕಾರು ಓಡಿಸಿಕೊಂಡು ಹೋಗಿ, ಬಾಡಿಗೆ ಹಾಲ್‌ನಲ್ಲಿ ಕೇಟರಿಂಗ್‌ನವರ ಬಿಸಿಬೇಳೆಬಾತು ಉಂಡು, ಉಪ್ಪು ಕಡಿಮೆಯಾಯಿತೆಂದು ದೂರಿ ಬರುತ್ತಾರೆ. ನಾನೂ ಹೋಗಿದ್ದೇನೆ, ದೂರಿದ್ದೇನೆ. ಅಲ್ಲಿ ಯಾರ ಕೈಗೂ ಕೆಲಸವಿರಲಿಲ್ಲ, ಹಾಗಾಗಿ ಯಾರ ಪರಿಚಯವೂ ಆಗಲಿಲ್ಲ. ನಮ್ಮೂರ ಮಾರಿಹಬ್ಬದಲ್ಲಿ ಈಳಿಗೆಮಣೆ ಮುಂದೆ ಕೂತು ಕುಂಬಳಕಾಯಿ ಹೆಚ್ಚುತ್ತಾ ಎಷ್ಟೋ ಜಗಳಗಳು ಬಗೆಹರಿದದ್ದನ್ನು ನೋಡಿ ಬೆಳೆದವಳು ನಾನು.

ನಿಮ್ಮ ಮಗನೋ ಸೊಸೆಯೋ ಇಂಗ್ಲೆಂಡಿನ ಯಾವುದಾದರೂ ಊರಿನಲ್ಲಿದ್ದರೆ, ಈ ವಾರ ಫೋನಿನಲ್ಲಿ ಒಂದು ಮಾತು ಹೇಳಿ. ಪ್ರಾರ್ಥನೆಗೆ ಹೋಗಬೇಕಾಗಿಲ್ಲ, ಹನ್ನೊಂದು ಗಂಟೆಯ ಹೊತ್ತಿಗೆ ಅಡುಗೆಮನೆ ಕಡೆಯ ಬಾಗಿಲಿನಿಂದ ಹೋದರೆ ಸಾಕು. ಒರೆಸುವ ಬಟ್ಟೆ ಅಲ್ಲೇ ಇರುತ್ತದೆ. ನಮ್ಮ ಪಟ್ಟಿಯಲ್ಲಿ ನವೆಂಬರಿನ ಎರಡು ಭಾನುವಾರ ಇನ್ನೂ ಖಾಲಿ ಇವೆ.