ಬಾವಲಿ ಓಡಿಸಿದರೆ ಮಂಗನ ಕಾಯಿಲೆ ಹೋಗುತ್ತಾ?

ಹೋದ ತಿಂಗಳು ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಹುಡುಗರು ಗವಿಯ ಬಾಯಿಗೆ ದರಗು ಹಾಕಿ ಹೊಗೆ ಎಬ್ಬಿಸಿದರು. ‘ಬಾವಲಿ ಮೈಮೇಲಿನ ಉಣುಗಿನಿಂದ ಮಂಗನ ಕಾಯಿಲೆ ಬರುತ್ತೆ’ ಅಂತ ಮೊಬೈಲಿಗೆ ಯಾವುದೋ ಮೆಸೇಜ್ ಬಂದಿತ್ತಂತೆ.

ಮೆಸೇಜಿನಲ್ಲಿ ಒಂದು ಎಳೆ ಸತ್ಯ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಬಾವಲಿಯಲ್ಲೂ, ಬಾವಲಿಯ ಉಣುಗಿನಲ್ಲೂ ಸಿಕ್ಕಿದೆ ಎಂಬ ವರದಿ 1969ರಲ್ಲೇ ಪ್ರಕಟವಾಗಿತ್ತು.

ಆದರೆ ಸಿಕ್ಕಿದೆ ಅನ್ನುವುದು ಬೇರೆ, ಹರಡುತ್ತದೆ ಅನ್ನುವುದು ಬೇರೆ. ನಮಗೆ ಕಚ್ಚುವುದು ಕಾಡಿನ ದರಗಿನಲ್ಲಿರುವ ಉಣುಗು. ಅದು ಇಲಿ, ಮಂಗಗಳ ರಕ್ತ ಹೀರಿ ವೈರಸ್ ಹೊತ್ತುಕೊಳ್ಳುತ್ತದೆ. ಮಂಗ ಸತ್ತಾಗ ಅದರ ಮೈಯಿಂದ ಉದುರಿ ಸುತ್ತಲೂ ಹರಡುತ್ತದೆ. ಬಾವಲಿಯ ಉಣುಗು ಬೇರೆ ಜಾತಿಯದು. ಗವಿಯ ಸಂದಿಯಲ್ಲೇ ಇದ್ದು, ಬಾವಲಿಯ ರಕ್ತ ಕುಡಿದು, ಮತ್ತೆ ಸಂದಿಗೇ ಸೇರುತ್ತದೆ.

ಬಾವಲಿ ಓಡಿಸಿದರೆ ಏನಾಗುತ್ತದೆ? ಅವು ಬೇರೆ ಗವಿಗೋ ನಮ್ಮ ಅಟ್ಟಕ್ಕೋ ಹೋಗುತ್ತವೆ. ಉಣುಗು ಸಂದಿಯಲ್ಲೇ ಉಳಿಯುತ್ತದೆ, ಹಸಿದಾಗ ಬೇರೆ ರಕ್ತ ಹುಡುಕಲೂಬಹುದು. ಗದ್ದೆಯ ಹುಳ ತಿನ್ನುವ ಬಾವಲಿಯನ್ನೂ ಕಳೆದುಕೊಳ್ಳುತ್ತೇವೆ. ಹೊಗೆ ಹಾಕುವುದು ನಷ್ಟದ ಬಾಬ್ತು ಅನ್ನುವುದು ನಮ್ಮ ಅಭಿಪ್ರಾಯ.

ಹಾಗಂತ ಬಾವಲಿಯ ವಿಷಯ ಬಿಟ್ಟುಬಿಡಿ ಅಂತ ನಾವು ಹೇಳುತ್ತಿಲ್ಲ. ಮಳೆಗಾಲದಲ್ಲಿ ಕಾಯಿಲೆ ಅಡಗುತ್ತದೆ, ಚಳಿ ಶುರುವಾದರೆ ಮತ್ತೆ ಏಳುತ್ತದೆ. ನಡುವೆ ವೈರಸ್ ಎಲ್ಲೆಲ್ಲಿ ಉಳಿಯುತ್ತದೆ? ಗವಿಯ ಉಣುಗಿಗೂ ಅದರಲ್ಲಿ ಪಾಲಿದೆಯೇ? ಇದನ್ನು ನೋಡಬೇಕಾದವರು ಬೆಂಕಿಪೊಟ್ಟಣ ಹಿಡಿದ ಹುಡುಗರಲ್ಲ, ವಿಜ್ಞಾನಿಗಳು. ಸತ್ತ ಮಂಗನ ಜೊತೆಗೆ ಬಾವಲಿ, ಗವಿಯ ಉಣುಗನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಹಾಕಿ ಅಂತ ಗ್ರಾಮಸಭೆಯಲ್ಲಿ ಕೇಳೋಣ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಮರೆಯುವ ಹಾಗಿಲ್ಲ. ಹಳೆಯ ಲಸಿಕೆಯೂ 2022ರಲ್ಲಿ ನಿಂತಿದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟು. ಮಂಗ ಸತ್ತಿದ್ದು ಕಂಡರೆ ಮುಟ್ಟಬೇಡಿ, ಆಶಾ ಅಕ್ಕನಿಗೆ ತಿಳಿಸಿ. ಆ ಜಾಗದ ದರಗನ್ನು ಕೊಟ್ಟಿಗೆಗೆ ತರಬೇಡಿ. ಕಾಡಿಗೆ ಹೋಗುವಾಗ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಜೋರು ಜ್ವರ, ತಲೆನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಕೂರದೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ.

ಆ ಮೆಸೇಜ್ ನಿಮಗೂ ಬಂದಿದ್ದರೆ ಮುಂದೆ ಕಳಿಸುವ ಮೊದಲು ಇದನ್ನೂ ಓದಿಸಿ.