ದಂಡಂ ದಶಗುಣವೇ?

ಹದಿಹರೆಯದ ಮಕ್ಕಳು ಹೇಳಿದ ಮಾತು ಕೇಳುವುದಿಲ್ಲವೆಂಬ ದೂರು ಇಂದು ಮನೆಮನೆಯದು. ಬೈಗುಳ, ಬೆತ್ತಗಳೇ ಇದಕ್ಕೆ ಮದ್ದೆಂದು ನಂಬಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ನಂಬಿಕೆಯನ್ನು ಮನಶ್ಶಾಸ್ತ್ರವು ಎಂದೋ ಒರೆಗೆ ಹಚ್ಚಿ ನೋಡಿದೆ.

ಹಿತವಾದ ಫಲ ತಂದ ನಡತೆ ಬೇರೂರುತ್ತದೆ ಎಂಬುದು ವರ್ತನಾವಾದದ ತಿರುಳು. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಇದನ್ನು ತೋರಿಸಿದರು. ಶಿಕ್ಷೆಗೂ ಬಹುಮಾನದಷ್ಟೇ ಬಲವಿದೆಯೆಂಬ ತಮ್ಮ ಅಭಿಪ್ರಾಯವನ್ನು 1930ರ ದಶಕದಲ್ಲಿ ಅವರೇ ತಿದ್ದಿಕೊಂಡರು. 1938ರಲ್ಲಿ ಸ್ಕಿನ್ನರ್ ಪ್ರಕಟಿಸಿದ ಪ್ರಯೋಗದಲ್ಲಿ, ಸನ್ನೆಯನ್ನು ಒತ್ತಿದಾಗ ಪೆಟ್ಟು ತಿಂದ ಇಲಿಗಳು ಸ್ವಲ್ಪ ಹೊತ್ತು ಹಿಂಜರಿದವು. ಪೆಟ್ಟು ನಿಂತ ಮೇಲೆ ಮತ್ತೆ ಒತ್ತತೊಡಗಿ, ಪೆಟ್ಟು ತಿನ್ನದ ಇಲಿಗಳನ್ನು ಸರಿಗಟ್ಟಿದವು.

ಮನೆಯಲ್ಲಿ ನಡೆಯುವುದೂ ಇದೇ. ಹೆದರಿದ ಹುಡುಗ ತಪ್ಪನ್ನು ಬಿಡುವ ಬದಲು ಬಚ್ಚಿಡಲು ಕಲಿಯುತ್ತಾನೆ. ಸುಳ್ಳು ಹೇಳಿ ಪೆಟ್ಟಿನಿಂದ ಪಾರಾದರೆ ಆ ಸುಳ್ಳಿಗೇ ಬಹುಮಾನ ದೊರೆತಂತಾಯಿತು. ಗಣಿತದಲ್ಲಿ 30 ಅಂಕ ಪಡೆಯುತ್ತಿದ್ದವಳು 45 ತಂದಾಗ ‘ಪಕ್ಕದ ಮನೆಯವಳಿಗೆ 90’ ಎಂದು ಮೂದಲಿಸಿದರೆ, ಆಕೆ ಪಟ್ಟ ಶ್ರಮಕ್ಕೇ ಶಿಕ್ಷೆ ವಿಧಿಸಿದಂತಾಗುತ್ತದೆ. ಈ ವಯಸ್ಸಿನಲ್ಲಿ ಗೆಳೆಯರ ಮೆಚ್ಚುಗೆಗೆ ಬೆಲೆ ಹೆಚ್ಚು. ಮನೆಯಲ್ಲಿ ಸಿಗದ ಒಳ್ಳೆಯ ಮಾತನ್ನು ಮಕ್ಕಳು ಹೊರಗೆ ಅರಸುತ್ತಾರೆ. ಅದಕ್ಕೆ ಮೊಬೈಲೂ ಸೇರಿದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದ ಬಹುಮಾನದಿಂದ ಹುಟ್ಟಿದ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟವೆಂದು ಸ್ಕಿನ್ನರ್ ಅಂದೇ ತೋರಿಸಿದ್ದರು.

ಮನುಷ್ಯ ಇಲಿಯಲ್ಲ, ನಿಜ. ಹದಿಹರೆಯದವರು ಕಾರಣ ಕೇಳುತ್ತಾರೆ. ಹಿರಿಯರ ನಡೆಯನ್ನೂ ಗಮನಿಸುತ್ತಾರೆ. ನೋಡಿಯೇ ಕಲಿಯುವುದುಂಟೆಂದು ಬಂಡೂರ 1961ರಲ್ಲಿ ಪುಟ್ಟ ಮಕ್ಕಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಊಟದ ಹೊತ್ತಿನಲ್ಲೂ ಮೊಬೈಲ್ ಬಿಡದ ತಂದೆಯ ಉಪದೇಶ ಮಗನಿಗೆ ನಾಟೀತೇ?

ಮಕ್ಕಳನ್ನು ಅಂಕೆಯಿಲ್ಲದೆ ಬಿಡಬೇಕೆಂದು ನಾವು ಹೇಳುತ್ತಿಲ್ಲ. ತಪ್ಪಿಗೆ ಏನಾಗುವುದೆಂದು ಮೊದಲೇ ತಿಳಿಸಿ, ಒಂದು ಸವಲತ್ತನ್ನು ಕೆಲವು ದಿನ ತಡೆಹಿಡಿಯಬಹುದು. ಆದರೆ ಒಳ್ಳೆಯ ನಡೆಯನ್ನು ಆಗಿಂದಾಗಲೇ, ಯಾವುದು ಮೆಚ್ಚಿಗೆಯಾಯಿತೆಂದು ಹೆಸರಿಸಿ, ಶ್ಲಾಘಿಸಬೇಕು. ಮಾತುಮಾತಿಗೆ ಹಣದ ಆಸೆ ತೋರಿಸಿದರೆ ಅದು ಲಂಚವಾದೀತು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ನಿಷೇಧಿಸಿದೆ. ಮನೆಯೊಳಗಿನ ಬೆತ್ತವನ್ನು ಕೆಳಗಿಡಬೇಕಾದವರು ರಕ್ಷಕರೇ. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಅಂಕಪಟ್ಟಿಯ ಜೊತೆಗೆ ಈ ವಿಷಯವೂ ಚರ್ಚೆಗೆ ಬರಲಿ.